ಇರುವೆ ನುಂಗದ ಯಂತ್ರ

ನಮ್ಮ ಮನೆಯಲ್ಲಿ ಕಸ ಗುಡಿಸುವ ಮೊದಲು ನೆಲ ತಟ್ಟುತ್ತೇವೆ. ಪೊರಕೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಬೆರಳುಗಳಿಂದ ಗೋಡೆಯ ಬುಡದಲ್ಲಿ, ಬಾಗಿಲ ಸಂದಿಯಲ್ಲಿ ಮೆಲ್ಲಗೆ ತಟ್ಟಿ, ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಇರುವೆಯೋ ಗೊದ್ದವೋ ಇದ್ದರೆ ಸರಿದುಹೋಗಲಿ ಎಂದು. ಆಮೇಲೆ ಮೆತ್ತನೆಯ ಹುಲ್ಲಿನ ಪೊರಕೆಯಿಂದ, ಒತ್ತದೆ, ಒಂದೇ ದಿಕ್ಕಿಗೆ ಗುಡಿಸಬೇಕು. ಹೊತ್ತು ಮುಳುಗಿದ ಮೇಲೆ ಗುಡಿಸುವಂತಿಲ್ಲ. ಕತ್ತಲಲ್ಲಿ ಕಾಣದ ಜೀವ ಸತ್ತೀತು. ಹಳೇಬೀಡಿನ ಬಸದಿಗಳ ಸುತ್ತ ಇರುವ ನಮ್ಮಂಥ ಕೆಲವೇ ಜೈನ ಮನೆಗಳಲ್ಲಿ ಇದನ್ನು ಯಾರೂ ವಿಶೇಷವೆಂದುಕೊಳ್ಳುವುದಿಲ್ಲ. ಹಲ್ಲುಜ್ಜಿದ ಹಾಗೆ ಅದೂ ಒಂದು ಕೆಲಸ.

ನಾನು ಬೆಳೆದದ್ದು ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ. ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಹಾಸಿಗೆ ಸುತ್ತುವುದು, ಸಾಲಾಗಿ ನಿಂತು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳುವುದು. ಮುಂದೆ ಅರಸೀಕೆರೆಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಡಂ ಆಗಿ ನಿವೃತ್ತಿಯವರೆಗೂ ಸೀಟಿ ಊದಿದೆ. ಮದುವೆಯಾಗಲಿಲ್ಲ. ಕೆಲಸ ಮುಗಿದ ಮೇಲೆ ಹಳೇಬೀಡಿನ ಅತ್ತಿಗೆಯ ಮನೆಗೆ ಬಂದೆ. ಅಣ್ಣ ಆಗಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅತ್ತಿಗೆ ನನಗಿಂತ ದೊಡ್ಡವರು; ನನ್ನ ಆಶ್ರಮದವರೂ ಪಾಲಿಸದಷ್ಟು ನಿಯಮಗಳನ್ನು ನಗುನಗುತ್ತಾ ಪಾಲಿಸುವವರು. ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಕೆಲಸ ಆಗಬೇಕು. ಹಾಗಾಗಿ ಚೆನ್ನಾಗಿಯೇ ಹೊಂದಿಕೊಂಡೆವು.

ಹೊಂದದೆ ಇದ್ದದ್ದು ಒಂದೇ, ಪ್ರಾಣಿಗಳು. ನಮ್ಮ ಹಿರಿಯರು ನಾಯಿ ಬೆಕ್ಕು ಸಾಕುವುದನ್ನು ಒಪ್ಪುತ್ತಿರಲಿಲ್ಲ. ಕೊಂದು ತಿನ್ನುವ ಪ್ರಾಣಿಗೆ ಅನ್ನ ಹಾಕಿದರೆ ಆ ಕೊಲೆಯಲ್ಲಿ ನಮಗೂ ಪಾಲು ಎನ್ನುವುದು ಅವರ ಲೆಕ್ಕ. ಅತ್ತಿಗೆ ಉಳಿದ ಎಲ್ಲ ನಿಯಮ ಪಾಲಿಸಿ ಇದೊಂದನ್ನು ಮಾತ್ರ ಕೈಬಿಟ್ಟಿದ್ದರು. ಬೆಕ್ಕುಗಳು ತಾಯಿ ಮಗಳು. ತಾವಾಗಿಯೇ ಹಿತ್ತಲಿನಿಂದ ಬಂದವು. ನಾಯಿ ಹಾಗಲ್ಲ. ದೇವಸ್ಥಾನ ನೋಡಲು ಬಂದ ಕಾರೊಂದು ಅದನ್ನು ಬಿಟ್ಟುಹೋಗಿತ್ತು. ಉದ್ದ ಕೂದಲಿನ, ಕಂದುಬಣ್ಣದ ಪೇಟೆಯ ನಾಯಿ. ಗಾಡಿ ನಿಲ್ಲಿಸುವ ಜಾಗದಲ್ಲಿ, ಬಂದ ಒಂದೊಂದು ಕಾರಿನ ಬಾಗಿಲ ಬಳಿಯೂ ಹೋಗಿ ನಿಂತು, ಇಳಿದವರ ಮುಖ ನೋಡಿ ವಾಪಸ್ಸು ಬಂದು ಕೂರುತ್ತಿತ್ತಂತೆ. ಅತ್ತಿಗೆ ಬಸದಿಯಿಂದ ಬರುವಾಗ ಅದನ್ನು ದಿನವೂ ನೋಡಿ, ಕೊನೆಗೊಂದು ದಿನ ಸೆರಗಿನ ತುದಿ ತೋರಿಸಿ ಮನೆಗೆ ಕರೆತಂದರು. ಹೆಸರಿಡಲಿಲ್ಲ. "ಅದಕ್ಕೆ ಒಂದು ಹೆಸರು ಇದ್ದೇ ಇರತ್ತೆ. ನಮಗೆ ಗೊತ್ತಿಲ್ಲ ಅಷ್ಟೆ" ಎನ್ನುತ್ತಿದ್ದರು. "ಬಾಪ್ಪಾ" ಎಂದರೆ ಬರುತ್ತಿತ್ತು.

ಬೆಳಿಗ್ಗೆ ಹಾಲು ತರುವ ಪಕ್ಕದ ಮನೆಯ ಹೆಂಗಸಿಗೆ ನಮ್ಮ ಮನೆಯ ಊಟದ ವ್ಯವಸ್ಥೆ ದಿನದ ತಮಾಷೆ. ಅವರದು ಬೇಸಾಯದ ಮನೆ; ರಾಗಿ, ತೆಂಗು, ಎರಡು ಎಮ್ಮೆ.

"ಅಲ್ಲ ಕಣ್ರವ್ವ, ನಾಯಿಗೆ ಮೊಸರನ್ನ, ಬೆಕ್ಕಿಗೆ ಹಾಲನ್ನ. ಇಲಿಗೆ ಏನ್ ಮಾಡೀರಿ ಇವತ್ತು?"

"ಬೆಕ್ಕಿಗೆ ಹೊಟ್ಟೆ ತುಂಬಿಸಿದ್ರೆ ಇಲಿ ಬದುಕ್ಕೊಳ್ಳತ್ತೆ ಕಣಮ್ಮ" ಎಂದರು ಅತ್ತಿಗೆ.

"ಅದ್ನ ಬೆಕ್ಕಿಗೆ ಯಾರ್ ಹೇಳವ್ರೆ? ನಿನ್ನೆ ನಮ್ಮ ಕೊಟ್ಟಿಗೇಲಿ ಒಂದ್ನ ಕಚ್ಕೊಂಡು ಹೋಯ್ತು ನಿಮ್ ಧರ್ಮದ ಬೆಕ್ಕು."

ಅತ್ತಿಗೆ ಅಂದು ಮಧ್ಯಾಹ್ನ ಒಂದು ತುತ್ತು ಕಡಿಮೆ ಉಂಡರು. ಬೆಕ್ಕಿಗೆ ಮಾತ್ರ ಕಡಿಮೆ ಮಾಡಲಿಲ್ಲ.

ಅತ್ತಿಗೆಗೆ ಉಬ್ಬಸ ಮೊದಲು ಮಾಗಿಯಲ್ಲಿ ಮಾತ್ರ ಇತ್ತು. ಆಮೇಲೆ ವರ್ಷವೆಲ್ಲ ಬಂತು. ಬಸದಿಯವರೆಗೆ ಹೋಗುವ ಹಾದಿಯಲ್ಲಿ ಒಂದು ಕಡೆ ನಿಲ್ಲುತ್ತಿದ್ದವರು, ಮೂರು ಕಡೆ ನಿಲ್ಲತೊಡಗಿದರು. ನಿಂತಾಗ ಮರವನ್ನೋ ಗೋಡೆಯನ್ನೋ ನೋಡುವವರ ಹಾಗೆ ನಟಿಸುತ್ತಿದ್ದರು. ಎದೆಯೊಳಗೆ ಶಬ್ದ ಬರುತ್ತಿತ್ತು, ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದ ಹಾಗೆ. ಅರಸೀಕೆರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಾಕ್ಟರು; ಅವರ ಬಳಿ ಕರೆದೊಯ್ದೆ. ಅವರು ಎದೆ ಬೆನ್ನು ಎಲ್ಲ ನೋಡಿ, ಅತ್ತಿಗೆಯ ಸೆರಗಿನಿಂದ ಒಂದು ಕಂದು ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಮಿಸ್, ಇದು ಯಾರದು?"

"ನಾಯಿಯದು."

"ಇದನ್ನ ಮನೇಲಿಟ್ಕೊಂಡು ನಾನು ಎಷ್ಟು ಔಷಧಿ ಬರೆದ್ರೂ, ತೂತು ಬಿಂದಿಗೆಗೆ ನೀರು ಹುಯ್ದ ಹಾಗೇನೆ. ಶ್ವಾಸಕೋಶ ಆಗಲೇ ಸುಮಾರು ಹಾಳಾಗಿದೆ. ಪ್ರಾಣಿಗಳು ಹೊರಗೆ ಹೋಗ್ಬೇಕು. ಆಗೋದೇ ಇಲ್ಲ ಅಂದ್ರೆ ಕೂದಲು, ಅದರ ಜೊತೆ ಉದುರೋ ಹೊಟ್ಟು, ಧೂಳು, ಅದೆಲ್ಲ ಹೊರಗೆ ಹೋಗ್ಬೇಕು. ಪೊರಕೆ ಬೇಡ, ಅದು ಎಬ್ಬಿಸಿ ಮೂಗಿಗೆ ಕೊಡತ್ತೆ. ಒಂದು ಒಳ್ಳೆ ವ್ಯಾಕ್ಯೂಮ್ ಕ್ಲೀನರ್ ತಗೊಳ್ಳಿ. ಹೀರಿದ್ದು ಮತ್ತೆ ಆಚೆ ಬರಬಾರದು, ಅಂಥದ್ದು."

ಒದ್ದೆಬಟ್ಟೆಯಲ್ಲಿ ಒರೆಸುವುದು ಮೊದಲಿನಿಂದಲೂ ಇತ್ತು. ನೆಲಕ್ಕೆ ಅದು ಸಾಕು. ಆದರೆ ಕೂದಲು ಇರುತ್ತಿದ್ದದ್ದು ಜಮಖಾನದಲ್ಲಿ, ಹಾಸಿಗೆಯಲ್ಲಿ, ಅಣ್ಣನ ಹಳೆಯ ಮೆತ್ತೆಯ ಕುರ್ಚಿಯಲ್ಲಿ, ಬಾಗಿಲ ಪರದೆಯಲ್ಲಿ. ಒದ್ದೆಬಟ್ಟೆಗೆ ಅವು ಸಿಗುತ್ತಿರಲಿಲ್ಲ.

ಮೊದಲು ನಾನು ಸುಲಭದ ದಾರಿಯನ್ನೇ ಹಿಡಿದೆ. ಬಿಕ್ಕೋಡಿನ ಕಡೆ ಕಾಫಿ ತೋಟವಿದ್ದ ಪರಿಚಯದವರು ನಾಯಿಯನ್ನು ಇಟ್ಟುಕೊಳ್ಳಲು ಒಪ್ಪಿದರು. ಓಡಾಡಲು ಜಾಗವಿತ್ತು, ನೋಡಿಕೊಳ್ಳಲು ಜನವಿತ್ತು. ಜೀಪು ಕಳಿಸುತ್ತೇವೆಂದರು. ಅತ್ತಿಗೆ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

"ಒಂದು ಸಲ ಕಾರಿಂದ ಇಳಿಸಿ ಹೋದ್ರು. ಇನ್ನೊಂದು ಸಲ ಜೀಪಿಗೆ ಹತ್ತಿಸಿ ಕಳಿಸ್ಬೇಕಾ? ತಾನು ಏನು ತಪ್ಪು ಮಾಡ್ದೆ ಅಂದ್ಕೊಳ್ಳತ್ತೆ ಕಣೇ ಅದು?"

"ನಿಮ್ಮ ಉಸಿರು ಅತ್ತಿಗೆ."

"ನನ್ನ ಉಸಿರಿಗೆ ನಾಯಿ ಕಾರಣ ಅಲ್ಲ. ನನ್ನ ಕರ್ಮ."

"ಕರ್ಮಕ್ಕೆ ಕೂದಲು ಇರಲ್ಲ ಅತ್ತಿಗೆ. ಡಾಕ್ಟರು ಕೈಲಿ ಹಿಡಿದು ತೋರಿಸಿದ್ರಲ್ಲ."

ಅವರಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನಾಯಿ ಎದ್ದು ಬಂದು ಅವರ ಮೊಣಕಾಲ ಮೇಲೆ ಗಲ್ಲವಿಟ್ಟು ನಿಂತಿತು. ಕೆಮ್ಮುತ್ತಲೇ ಅದರ ತಲೆ ಸವರಿದರು. ಆ ಕೈ ಎತ್ತಿದಾಗ ಬೆರಳ ಸಂದಿಯಲ್ಲಿ ಕೂದಲಿತ್ತು. ನಾನು ಬಿಕ್ಕೋಡಿಗೆ ಫೋನ್ ಮಾಡಿ ಜೀಪು ಬೇಡವೆಂದೆ.

ಹಾಗಾಗಿ ಉಳಿದದ್ದು ಯಂತ್ರ. ಇಬ್ಬರೂ ಬೆಳಗಿನ ಬಸ್ಸಿಗೆ ಅರಸೀಕೆರೆಗೆ ಹೊರಟೆವು. ಸೋಸಿದ ನೀರು, ಬುತ್ತಿ, ಅತ್ತಿಗೆಯ ಇನ್‌ಹೇಲರ್. ಹೊತ್ತು ಮುಳುಗುವ ಮೊದಲು ಮನೆ ಸೇರಿ ಊಟ ಮುಗಿಸಬೇಕು. ನಮ್ಮಲ್ಲಿ ರಾತ್ರಿ ಊಟವಿಲ್ಲ, ನೀರೂ ಇಲ್ಲ. ಅಂಗಡಿಯವನು ನಮ್ಮನ್ನು ಕೂರಿಸಿ, ಹುರುಪಿನಿಂದ, ನೆಲದ ಮೇಲೆ ಒಂದು ತುಂಡು ಕಾರ್ಪೆಟ್ ಹಾಸಿದ. ಅದರ ಮೇಲೆ ರವೆ ಚೆಲ್ಲಿದ. ಒಂದು ಡಬ್ಬಿಯಿಂದ ಯಾವುದೋ ನಾಯಿಯ ಕೂದಲನ್ನೂ ಉದುರಿಸಿದ. ಡೆಮೊಗೆಂದೇ ಇಟ್ಟುಕೊಂಡಿದ್ದನಂತೆ.

"ಪೆಟ್ ಇರೋ ಮನೆಗೆ ಇದು ಮೇಡಂ. ಮುಂದೆ ಉರುಳೋ ಬ್ರಷ್ ಇದೆ ನೋಡಿ. ಕಾರ್ಪೆಟ್ ಒಳಗೆ ಹೊಕ್ಕ ಕೂದಲನ್ನ ಬಡಿದು ಬಡಿದು ಎಬ್ಬಿಸತ್ತೆ, ಹಂಗೇ ಎಳಕೊಳ್ಳತ್ತೆ. ಒಳಗೆ ಚೀಲ ಇದೆ. ತುಂಬಿದ ತಕ್ಷಣ ಬಾಯಿ ತಾನೇ ಮುಚ್ಕೊಳ್ಳತ್ತೆ. ನೀವು ಮುಟ್ಟೋ ಹಾಗೇ ಇಲ್ಲ, ಎತ್ತಿ ಎಸೆಯೋದು."

ಡಾಕ್ಟರು ಹೇಳಿದ್ದು ಇದನ್ನೇ ಎಂದು ನನಗೆ ಕೂಡಲೇ ತಿಳಿಯಿತು. ಗುಂಡಿ ಒತ್ತಿ ತೋರಿಸಿದ. ಕಾರ್ಪೆಟ್ ಹೊಸದರಂತಾಯಿತು. ಕೊಳ್ಳೋಣವೆಂದು ನಾನು ಬಾಯಿ ತೆರೆಯುವುದರೊಳಗೆ ಅತ್ತಿಗೆ ಕೇಳಿದರು.

"ಅಪ್ಪಾ, ಇದರೊಳಗೆ ಒಂದು ಇರುವೆ ಹೋದ್ರೆ?"

ಅವನ ಮುಖ ಅರಳಿತು. "ಇರುವೆ, ಜಿರಲೆ ಮರಿ, ತಿಗಣೆ, ಎಂಥದ್ದೇ ಹೋಗ್ಲಿ ಅಮ್ಮಾ. ಬಡಿಯೋ ಬ್ರಷ್‌ನಲ್ಲೇ ಅರ್ಧ ಸಾಯ್ತಾವೆ. ಉಳಿದಿದ್ದು ಚೀಲದಲ್ಲಿ ಉಸಿರುಕಟ್ಟಿ ಸಾಯ್ತಾವೆ. ಒಂದೂ ಬದುಕಲ್ಲ, ಗ್ಯಾರಂಟಿ!"

ಅತ್ತಿಗೆ ಕಾಲನ್ನು ಕಾರ್ಪೆಟ್‌ನಿಂದ ಹಿಂದಕ್ಕೆ ಎಳೆದುಕೊಂಡರು. ಅವನಿಗೆ ಏನೂ ಅರ್ಥವಾಗಲಿಲ್ಲ; ಇನ್ನೂ ಉತ್ಸಾಹದಿಂದ ದುಂಡಗಿನ ಇನ್ನೊಂದು ಯಂತ್ರವನ್ನು ನೆಲದ ಮೇಲೆ ಬಿಟ್ಟ. ಅದು ತಾನಾಗಿಯೇ ಓಡಾಡುವಂಥದು. ಕುರ್ಚಿಯ ಕಾಲಿಗೆ ಮುಟ್ಟಿ ಪಕ್ಕಕ್ಕೆ ತಿರುಗಿ ಹೋಯಿತು.

"ಇದಕ್ಕೆ ಕಣ್ಣಿದೆಯೇನಪ್ಪಾ?"

"ಸೆನ್ಸರ್ ಇದೆ ಅಮ್ಮಾ. ಗೋಡೆ, ಕುರ್ಚಿ, ಮೆಟ್ಟಿಲು, ಎಲ್ಲ ಗೊತ್ತಾಗತ್ತೆ."

"ಇರುವೆ ಕಂಡರೆ ನಿಲ್ಲತ್ತಾ?"

"ಯಾಕೆ ನಿಲ್ಲತ್ತೆ ಅಮ್ಮಾ? ನುಂಗತ್ತೆ!"

ಆಗ ನಾನು ಅವನನ್ನು ಪಕ್ಕಕ್ಕೆ ಕರೆದು ನಮ್ಮ ಮನೆಯ ಕ್ರಮ ಹೇಳಿದೆ. ಪಾಪ, ಅವನು ಪೆಚ್ಚಾದ. "ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ ಮೇಡಂ, ನಾನು ಏನೇನೋ ಸಾಯ್ಸಿಬಿಟ್ಟೆ" ಎಂದ. ಆಮೇಲೆ ಶ್ರದ್ಧೆಯಿಂದಲೇ ಹುಡುಕಿದ. ನಮಗೆ ಬೇಕಾದದ್ದು ಕೂದಲನ್ನು ಬಲವಾಗಿ ಹೀರುವ, ಇರುವೆಯನ್ನು ಮಾತ್ರ ಬಿಟ್ಟುಬಿಡುವ ಯಂತ್ರ. ಅಂಥದ್ದು ಅವನ ಅಂಗಡಿಯಲ್ಲಿರಲಿಲ್ಲ. ಎಲ್ಲಿಯೂ ಇರಲಾರದು ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಆದರೆ ಅತ್ತಿಗೆ ಒಂದೊಂದನ್ನೂ ಮುಟ್ಟಿ, ಒಳಗೆ ಇಣುಕಿ, ಕೊನೆಗೆ ಚೀಲವಿಲ್ಲದ ಒಂದರ ಮುಂದೆ ನಿಂತರು. ಅದರ ಹೊಟ್ಟೆ ಪಾರದರ್ಶಕ ಡಬ್ಬಿ. ಒಳಗೆ ಬಿದ್ದದ್ದು ಹೊರಗಿನಿಂದ ಕಾಣುತ್ತದೆ. ಬೇಕೆಂದಾಗ ಮುಚ್ಚಳ ತೆಗೆದು ಸುರಿಯಬಹುದು.

"ಇದು ಆಗತ್ತೆ" ಎಂದರು. "ಒಳಗೆ ಹೋದವರನ್ನ ಮತ್ತೆ ಹೊರಗೆ ಬಿಡಬಹುದು."

"ಅತ್ತಿಗೆ, ಧೂಳು ಮುಟ್ಟಬಾರದು ಅಂತ ಡಾಕ್ಟರು..."

"ಹಿತ್ತಲಲ್ಲಿ ಸುರಿದ್ರೆ ಆಯ್ತಲ್ಲೇ. ಮನೆಯೊಳಗೆ ಎಲ್ಲಿ ಬರತ್ತೆ?"

ಮಾತು ಸರಿಯಾಗಿಯೇ ಕಂಡಿತು. ಬಡಿಯುವ ಬ್ರಷ್ ಬೇಡವೆಂದು ಅಲ್ಲೇ ಬಿಚ್ಚಿಸಿದರು. ಯಂತ್ರದ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಅತ್ತಿಗೆ ಖುಷಿಯಾಗಿದ್ದರು. ನಾಯಿ ಉಳಿಯಿತು, ಇರುವೆಯೂ ಉಳಿಯಿತು, ತಾವೂ ಉಳಿಯಬಹುದು ಎಂಬ ಲೆಕ್ಕ. ನಾನೂ ಅದನ್ನು ನಂಬಲು ತಯಾರಾಗಿದ್ದೆ.

ಮರುದಿನದಿಂದ ಕ್ರಮ ಹಾಕಿದೆ. ಬೆಳಗಿನ ಪೂಜೆ, ಹಾಲು, ತಿಂಡಿ ಮುಗಿದ ಮೇಲೆ ನಾಯಿ ಬೆಕ್ಕು ಜಗಲಿಗೆ. ಅತ್ತಿಗೆ ಕೋಣೆಕೋಣೆಯಲ್ಲಿ ನೆಲ ತಟ್ಟಿ, "ಸರೀರಪ್ಪಾ, ಸರೀರಿ" ಎಂದು ಇರುವೆಗಳಿಗೆ ಹೇಳುವುದು. ಸ್ವಲ್ಪ ಕಾಯುವುದು. ಆಮೇಲೆ ನಾನು ಯಂತ್ರ ಹಿಡಿಯುವುದು. ಮೊದಲು ಪರದೆ, ಆಮೇಲೆ ಕುರ್ಚಿ, ಹಾಸಿಗೆ, ಜಮಖಾನ, ಕೊನೆಗೆ ನೆಲ. ಮೇಲಿನಿಂದ ಕೆಳಗೆ. ಆ ಶಬ್ದಕ್ಕೆ ನಾಯಿ ಮೊದಲ ದಿನ ಬೀದಿಯ ತುದಿಯವರೆಗೂ ಓಡಿ, ಅಲ್ಲಿಂದ ಮನೆಯನ್ನು ನೋಡುತ್ತಾ ನಿಂತಿತ್ತು.

ಡಬ್ಬಿ ತುಂಬಿದ್ದನ್ನು ನೋಡಿ ನಮಗೇ ನಾಚಿಕೆಯಾಯಿತು. ಇಷ್ಟು ದಿನ ಇದರ ಮೇಲೆಯೇ ಮಲಗಿದ್ದೆವಲ್ಲ. ಬೂದು, ಕಂದು, ಬಿಳಿ, ಎಲ್ಲ ಕಲೆತು ಇನ್ನೊಂದು ಪ್ರಾಣಿಯೇ ಒಳಗೆ ಮುದುರಿ ಮಲಗಿದ ಹಾಗಿತ್ತು. ಹಾಲಿನಾಕೆಯೂ ಬಂದು ನೋಡಿದಳು.

"ಅಯ್ಯಯ್ಯೋ, ಇದ್ರಾಗೆ ಒಂದು ಕಂಬ್ಳಿ ನೇಯ್ಬೋದು ಕಣ್ರವ್ವ! ಮಾಗಿ ಬರ್ತಾ ಐತೆ, ನೇಯ್ಸಿಬಿಡಿ."

ಅತ್ತಿಗೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ಹೋದರು. ನಾನು ಒಳಗೆ ಜಮಖಾನ ಸುತ್ತುತ್ತಿದ್ದೆ. ಕಿಟಕಿಯಿಂದ ಕಾಣುತ್ತಿತ್ತು. ಕರಿಬೇವಿನ ಗಿಡದ ಕೆಳಗೆ ಮಣೆಯ ಮೇಲೆ ಕೂತು, ಡಬ್ಬಿಯನ್ನು ಮೊರಕ್ಕೆ ಸುರಿದುಕೊಂಡು, ಕನ್ನಡಕ ಏರಿಸಿ, ಬೆರಳಿನಿಂದ ಕೂದಲನ್ನು ಎಳೆಎಳೆಯಾಗಿ ಬಿಡಿಸಿ, ಇರುವೆ ಸಿಕ್ಕರೆ ಹುಲ್ಲುಕಡ್ಡಿಗೆ ಹತ್ತಿಸಿ ಮಣ್ಣಿಗೆ ಬಿಡುತ್ತಿದ್ದರು. ನಮಗೆ ಅದು ಹೊಸದಲ್ಲ. ಬಾವಿಯ ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಎಲ್ಲೋ ಚೆಲ್ಲುವಂತಿಲ್ಲ. ಆ ಬಟ್ಟೆಯ ಮೇಲೆ ಸೋಸಿದ ನೀರನ್ನೇ ಹಾಯಿಸಿ, ಬಂದ ಜೀವಗಳು ಬಂದ ಬಾವಿಗೇ ಸೇರುವ ಹಾಗೆ ಬಿಡಬೇಕು. ಬಾಲ್ಯದಿಂದ ಮಾಡಿದ ಕೆಲಸ. ನೀರಿಗೆ ಮಾಡಿದ್ದನ್ನು ಅತ್ತಿಗೆ ಧೂಳಿಗೂ ಮಾಡಿದರು. ನೋಡಿ ನಾನು ಜಮಖಾನ ಸುತ್ತುವುದನ್ನು ಮುಂದುವರಿಸಿದೆ. ಹಿತ್ತಲಲ್ಲಿ ಗಾಳಿಯಾಡುತ್ತದೆ, ಮನೆಯೊಳಗೆ ಏನೂ ಇಲ್ಲ ಎಂದುಕೊಂಡೆ.

ಮನೆ ಹಿಂದೆಂದೂ ಇರದಷ್ಟು ಚೊಕ್ಕಟವಾಯಿತು. ಅತ್ತಿಗೆಯ ಉಸಿರು ಹಿಂದೆಂದೂ ಇರದಷ್ಟು ಕೆಟ್ಟಿತು.

ಇದು ನನಗೆ ಅರ್ಥವೇ ಆಗಲಿಲ್ಲ. ಕ್ರಮ ಸರಿಯಿದ್ದರೆ ಫಲ ಸರಿಯಿರಬೇಕು. ನಾನು ಕಲಿತದ್ದೂ ಕಲಿಸಿದ್ದೂ ಅಷ್ಟನ್ನೇ. ಹೊದಿಕೆ ಬಿಸಿಲಿಗೆ ಹಾಕಿದೆ, ಪರದೆ ಕಿತ್ತು ಒಗೆದೆ, ಯಂತ್ರವನ್ನು ದಿನಕ್ಕೆ ಎರಡು ಸಲ ಓಡಿಸಿದೆ. ಎರಡು ಸಲ ಓಡಿಸಿದರೆ ಡಬ್ಬಿಯೂ ಎರಡು ಸಲ ತುಂಬುತ್ತದೆ. ಅತ್ತಿಗೆ ಹಿತ್ತಲಿಗೆ ಎರಡು ಸಲ ಹೋದರು. ಬಸದಿಗೆ ಹೋಗುವುದು ನಿಂತಿತು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲವಾದ್ದರಿಂದ ಅಣ್ಣನ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡತೊಡಗಿದರು.

ಮತ್ತೆ ಅರಸೀಕೆರೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಮಿಷನ್ ತಗೊಂಡ್ರಾ ಮಿಸ್?"

"ತಗೊಂಡು ದಿನಾ ಹಾಕ್ತಿದೀನಿ. ಎರಡು ಹೊತ್ತು."

"ಡಬ್ಬಿ ಯಾರು ಖಾಲಿ ಮಾಡೋದು?"

"ಅತ್ತಿಗೆ."

"ಹೇಗೆ?"

ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಕಾಣಿಸಿತು, ಮೊರದ ಮೇಲೆ ಬಗ್ಗಿದ ಅವರ ಮುಖ, ಬೆರಳಲ್ಲಿ ಬಿಡಿಸುತ್ತಿದ್ದ ಕೂದಲು, ಬೆಳಗಿನ ಬಿಸಿಲಲ್ಲಿ ಮೇಲೇಳುತ್ತಿದ್ದ ಸಣ್ಣ ಹೊಗೆಯಂಥದು. ಮನೆಯಲ್ಲಿ ಚದುರಿಹೋಗಿದ್ದ ವಿಷವನ್ನೆಲ್ಲ ನಾನು ಮೂಲೆಮೂಲೆಯಿಂದ ಶಿಸ್ತಾಗಿ ಒಟ್ಟುಮಾಡಿ, ಒಂದು ಡಬ್ಬಿಗೆ ತುಂಬಿಸಿ ಕೊಡುತ್ತಿದ್ದೆ. ಅವರು ಅದನ್ನು ಮೂಗಿನ ಕೆಳಗೆ ಇಟ್ಟುಕೊಂಡು ಜೀವ ಹುಡುಕುತ್ತಿದ್ದರು. ಡಾಕ್ಟರು ಪೆನ್ನು ಕೆಳಗಿಟ್ಟು ಅತ್ತಿಗೆಯ ಕಡೆ ತಿರುಗಿದರು.

"ಅಮ್ಮಾ, ಇರುವೆ ಬದುಕ್ತು. ನೀವು?"

"ನಾನು ಬೇಕಾದಷ್ಟು ಬದುಕಿದೀನಿ ಡಾಕ್ಟ್ರೇ. ಇರುವೆದು ಎಷ್ಟು ದಿನ, ಪಾಪ."

ಮನೆಗೆ ಬಂದು ನಾನು ಹೊಸ ನಿಯಮ ಹಾಕಿದೆ. ಮೂಗಿಗೆ ಮಾಸ್ಕ್ ಕಟ್ಟಿಸಿದೆ. ಕನ್ನಡಕಕ್ಕೆ ಉಸಿರಿನ ಮಂಜು ಕೂತು ಇರುವೆ ಕಾಣುವುದಿಲ್ಲವೆಂದು ಅತ್ತಿಗೆ ಅದನ್ನು ಗಲ್ಲಕ್ಕೆ ಇಳಿಸಿಕೊಂಡರು. ಆಮೇಲೆ ಡಬ್ಬಿಯ ಕೆಲಸ ನನ್ನದೇ ಎಂದೆ. ನಾನು ಮೊರದ ಮುಂದೆ ಕೂತರೆ ಅತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ನೋಡಿದ್ಯಾ?"

"ನೋಡಿದೆ."

"ಆ ಉಂಡೆ ಬಿಡಿಸಿ ನೋಡಿದ್ಯಾ? ಬಿಡಿಸಿಲ್ಲ ನೀನು. ನಿಂಗೆ ಎಲ್ಲಾದ್ರಲ್ಲೂ ಅವಸರ."

ಬಂದು ಪಕ್ಕದಲ್ಲಿ ಕೂತು, ನಾನು ನೋಡಿದ್ದನ್ನೇ ಮತ್ತೆ ನೋಡುತ್ತಿದ್ದರು. ಒಂದು ಬೆಳಿಗ್ಗೆ, ಹಾಗೆ ಮತ್ತೆ ನೋಡುವಾಗ, ಒಂದು ಬೂದು ಉಂಡೆಯೊಳಗೆ ಕೆಂಪಿರುವೆಗಳ ಸಾಲೇ ಸಿಕ್ಕಿತು. ಜಮಖಾನದಲ್ಲಿ ಬಿದ್ದಿದ್ದ ಮೊಸರನ್ನದ ಅಗುಳಿಗೆ ಬಂದವು ಇರಬೇಕು. ಒಂದೂ ಅಲುಗಲಿಲ್ಲ. ಅತ್ತಿಗೆ ಅವನ್ನು ಅಂಗೈ ಮೇಲೆ ಹಾಕಿಕೊಂಡು, ಸ್ವಲ್ಪ ನೀರಿನ ತೇವ ತಾಗಿಸಿ, ಬಿಸಿಲಿಗೆ ಹಿಡಿದು ಕಾದರು. ಅಂದು ಉಪವಾಸ ಮಾಡಿದರು. ಉಪವಾಸವಿದ್ದ ದಿನ ಮಾತ್ರೆಯೂ ಇಲ್ಲ. ಅದನ್ನು ಊಟವಾದ ಮೇಲೆ ನುಂಗಬೇಕು. ಮರುದಿನ ಗೋಡೆ ಹಿಡಿಯದೆ ಅಡುಗೆಮನೆಗೆ ಬರಲಾಗಲಿಲ್ಲ.

ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು. ಪೆಟ್ಟಿಗೆಯಿಂದ ನೀರು ಸೋಸುವ ಹೊಸ ಬಟ್ಟೆ ತೆಗೆದು, ಎರಡು ಮಡಿಕೆ ಮಾಡಿ, ಯಂತ್ರದ ಕೊಳವೆಯ ಬಾಯಿಗೆ ದಾರದಿಂದ ಬಿಗಿದರು.

"ನೀರು ಸೋಸ್ತೀವಿ. ಗಾಳಿ ಯಾಕೆ ಸೋಸಬಾರದು? ಇರುವೆ ಬಟ್ಟೆ ಮೇಲೇ ನಿಲ್ಲತ್ತೆ, ಒಳಗೆ ಹೋಗಲ್ಲ."

ನಿಂತಿತು. ಇರುವೆಯೂ ನಿಂತಿತು, ಕೂದಲೂ ನಿಂತಿತು. ಬಟ್ಟೆಗೆ ಭೇದ ಗೊತ್ತಿಲ್ಲ. ನಾಲ್ಕು ಸಲ ಎಳೆಯುವುದರೊಳಗೆ ಬಾಯಿ ಕಟ್ಟಿಕೊಂಡು ಯಂತ್ರ ಗೋಳಿಡುತ್ತಿತ್ತು, ಬಿಚ್ಚಿ ಕೊಡವಬೇಕು. ಕೊಡವಿದಾಗ ಕೂದಲು ಮತ್ತೆ ಗಾಳಿಗೆ. ಪೊರಕೆಯೇ ಮೇಲಾಗಿತ್ತು. ಮೂರನೆಯ ದಿನ ಸುಟ್ಟ ವಾಸನೆ ಬಂದು ಯಂತ್ರ ನಿಂತುಹೋಯಿತು. ಅಂಗಡಿಯವನಿಗೆ ಫೋನ್ ಮಾಡಿದೆ.

"ಬಾಯಿಗೆ ಬಟ್ಟೆ ಕಟ್ಟಿದ್ರಾ? ಯಾಕೆ ಮೇಡಂ?"

"ಸೋಸೋಕೆ."

"ಮೇಡಂ, ಅದು ಒಳಗಡೆ ತಾನೇ ಸೋಸತ್ತೆ. ಒಳ್ಳೆ ಫಿಲ್ಟರ್ ಇದೆ."

"ಒಳಗಡೆ ಸೋಸೋ ಹೊತ್ತಿಗೆ ನಮಗೆ ತಡ ಆಗಿರತ್ತೆ" ಎಂದೆ.

ಅವನು ಒಳ್ಳೆಯವನು. ಯಂತ್ರವನ್ನು ತಂದರೆ ಸರಿಮಾಡಿಸಿಕೊಡುವುದಾಗಿ ಹೇಳಿದ. ಚೀಲದ ಯಂತ್ರವೇ ಬೇಕೆಂದರೆ ಬದಲಾಯಿಸಿ ಕೊಡುವುದಾಗಿಯೂ ಹೇಳಿದ. ಪೆಟ್ಟಿಗೆಯನ್ನು ಹೊತ್ತು ನಾನೊಬ್ಬಳೇ ಅರಸೀಕೆರೆಗೆ ಹೋದೆ. ಹೊರಡುವ ಮೊದಲು ಅತ್ತಿಗೆಯನ್ನು ಮುಚ್ಚುಮರೆಯಿಲ್ಲದೆ ಕೇಳಿದ್ದೆ: ಚೀಲದ್ದು ತರಲೇ?

"ತಗೊಂಡು ಬಾ" ಎಂದಿದ್ದರು. "ನಿಂಗೆ ನನ್ನ ಚಿಂತೆ. ಬೇಡ ಅನ್ನಲ್ಲ. ಆದರೆ ಆ ಚೀಲ ಬಾಯಿ ಕಟ್ಕೊಂಡು ಆಚೆ ಹೋದ ದಿನ ನಂಗೆ ಊಟ ಇಳಿಯಲ್ಲ ಕಣೇ. ನಿನ್ನ ಮೇಲೆ ಕೋಪ ಅಂತ ತಿಳ್ಕೋಬೇಡ."

ಅಂಗಡಿಯಲ್ಲಿ ಚೀಲದ ಯಂತ್ರದ ಮುಂದೆ ನಿಂತು ಎಲ್ಲ ಕಡೆಯಿಂದ ಲೆಕ್ಕ ಹಾಕಿದೆ. ನಾಯಿ ಹೋದರೆ ಅತ್ತಿಗೆ ಉಳಿಯುವುದಿಲ್ಲ. ಪೊರಕೆ ಹಿಡಿದರೆ ಧೂಳು. ಡಬ್ಬಿಯಾದರೆ ಮೊರ. ಬಟ್ಟೆ ಕಟ್ಟಿದರೆ ಏನೂ ಇಲ್ಲ. ಚೀಲವಾದರೆ ಉಪವಾಸ, ಉಪವಾಸವಾದರೆ ಮಾತ್ರೆಯಿಲ್ಲ. ಜೊತೆಗೆ, ನಾನೂ ಅದೇ ಮನೆಯವಳು. ಆ ಚೀಲದ ಬಾಯಿ ಮುಚ್ಚಿಕೊಳ್ಳುವುದನ್ನು ಅಂಗಡಿಯವನು ಮತ್ತೊಮ್ಮೆ ತೋರಿಸಿದಾಗ ನನ್ನ ಕೈಯೂ ಹಿಂದಕ್ಕೆ ಸರಿಯಿತು. ಇಷ್ಟು ವರ್ಷ ಸೀಟಿ ಊದಿ ಮಕ್ಕಳನ್ನು ಎಡಕ್ಕೆ ಬಲಕ್ಕೆ ತಿರುಗಿಸಿದವಳು ಅಲ್ಲಿ ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತೆ. ಕೊನೆಗೆ ಹಳೆಯದನ್ನು ರಿಪೇರಿಗೆ ಕೊಟ್ಟು, ಬರಿಗೈಯಲ್ಲಿ ಬಸ್ಸು ಹತ್ತಿದೆ. ಅದನ್ನು ತರಲು ಇನ್ನೂ ಹೋಗಿಲ್ಲ. ಅವನು ಆಗಾಗ ಫೋನ್ ಮಾಡುತ್ತಾನೆ. ರೆಡಿಯಾಗಿದೆ ಮೇಡಂ, ಎನ್ನುತ್ತಾನೆ. ಬರುತ್ತೇನೆ ಎನ್ನುತ್ತೇನೆ.

ಈಗ ಮತ್ತೆ ನೆಲ ತಟ್ಟಿ, ಹುಲ್ಲಿನ ಪೊರಕೆಯಿಂದ ಗುಡಿಸುತ್ತೇನೆ. ನಾನು ಗುಡಿಸುವಾಗ ಅತ್ತಿಗೆ ಜಗಲಿಯಲ್ಲಿ ಕೂತಿರಬೇಕು, ಧೂಳು ಇಳಿಯುವವರೆಗೂ ಒಳಗೆ ಬರಬಾರದು ಎಂದು ನಿಯಮ. ಅದನ್ನು ಅವರು ಒಪ್ಪಿದ್ದಾರೆ, ಪಾಲಿಸುತ್ತಾರೆ. ನಾಯಿಯೂ ಅವರ ಜೊತೆ ಹೊರಗೆ ಹೋಗಿ ಅವರ ಪಾದದ ಮೇಲೆ ಮಲಗುತ್ತದೆ. ಕೂದಲು ಹೊರಗೆ ಅವರ ಬಳಿ ಇರುತ್ತದೆ, ಧೂಳು ಒಳಗೆ ಇಳಿಯುತ್ತಿರುತ್ತದೆ. ಇಳಿದ ಮೇಲೆ ಇಬ್ಬರೂ ಒಟ್ಟಿಗೆ ಒಳಗೆ ಬರುತ್ತಾರೆ. ಒಂದೊಂದು ದಿನ ಹಾಲಿನಾಕೆ ಜಗಲಿಯಲ್ಲಿ ಅವರ ಪಕ್ಕ ಕೂತು ಹೋಗುತ್ತಾಳೆ. ಮೊದಲಿನ ಹಾಗೆ ತಮಾಷೆ ಮಾಡುವುದಿಲ್ಲ. "ಬತ್ತೀನಿ ಕಣ್ರವ್ವ" ಎಂದಷ್ಟೇ ಹೇಳಿ, ನನ್ನ ಮುಖ ಒಮ್ಮೆ ನೋಡಿ ಎದ್ದುಹೋಗುತ್ತಾಳೆ.

ಈಚೆಗೆ ಬಸ್ಸಿನಲ್ಲಿ ಕರೆದೊಯ್ಯಲು ಆಗುವುದಿಲ್ಲವೆಂದು ಡಾಕ್ಟರೇ ಒಂದು ಭಾನುವಾರ ಬಂದಿದ್ದರು. ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದರು. ನಾಯಿ ಕಾಲ ಬಳಿ, ಬೆಕ್ಕುಗಳಲ್ಲಿ ಒಂದು ಮಡಿಲಲ್ಲಿ. ಎಲ್ಲವನ್ನೂ ಎಬ್ಬಿಸಿ ಓಡಿಸಲು ನಾನು ಮುಂದೆ ಹೋದೆ. ಬೇಡ, ಇರಲಿ ಬಿಡಿ ಮಿಸ್, ಎಂದರು. ಬೆಕ್ಕು ಇದ್ದ ಹಾಗೆಯೇ ಬಗ್ಗಿ ಎದೆಗೆ ಕೊಳವೆ ಇಟ್ಟು ಕೇಳಿದರು. ಔಷಧಿ ಬದಲಾಯಿಸಲಿಲ್ಲ. ಯಂತ್ರದ ವಿಷಯ ಕೇಳಲಿಲ್ಲ. ಗೇಟಿನವರೆಗೆ ಕಳಿಸಲು ಹೋದಾಗ, ಡ್ರಿಲ್‌ನಲ್ಲಿ ನಾನು ಹೇಳಿಕೊಟ್ಟಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತು, "ಅವರಿಗೆ ಏನು ಇಷ್ಟವೋ ಹಾಗೆ ಇರ್ಲಿ ಮಿಸ್" ಎಂದರು.

ನಾನು ಒಳಗೆ ಬಂದೆ. ಅತ್ತಿಗೆ ಕಾದಿದ್ದರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುತ್ತಾ ಕೇಳಿದರು.

"ನಾಯಿ ವಿಷಯ... ಏನಂದ್ರು?"

"ಏನೂ ಅನ್ನಲಿಲ್ಲ."

"ಕಳಿಸಿ ಅನ್ನಲಿಲ್ವಾ?"

"ಇಲ್ಲ ಅತ್ತಿಗೆ."

ಅವರ ಮುಖ ಅರಳಿದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. ಕೈ ಇಳಿಬಿಟ್ಟು ನಾಯಿಯ ಕಿವಿ ಹುಡುಕಿ ಹಿಡಿದು, "ಕೇಳಿದ್ಯೇನಪ್ಪಾ? ಡಾಕ್ಟ್ರು ಒಪ್ಪಿದ್ರು" ಎಂದರು. ಅದು ಬಾಲದಿಂದ ನೆಲವನ್ನು ಎರಡು ಸಲ ಬಡಿಯಿತು. ಕಿಟಕಿಯ ಬಿಸಿಲಲ್ಲಿ ಕೂದಲೆದ್ದು ನಿಧಾನವಾಗಿ ತೇಲಿತು. ಹೊತ್ತು ಇನ್ನೂ ಇತ್ತು. ಅವರಿಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಬಂದು, ನಾನು ಪೊರಕೆ ತೆಗೆದುಕೊಂಡು, ಗೋಡೆಯ ಬುಡದಲ್ಲಿ ಕೂತು, ನೆಲ ತಟ್ಟಿದೆ.